ಊಟ ಆದ ಮೇಲಿನ ಮಾತ್ರೆ

ಗೆಳೆಯರೇ, ನಿಮ್ಮೂರ ಮೆಡಿಕಲ್ಲಿನಲ್ಲೂ ಹೀಗೇನಾ ಹೇಳಿ.

ಇವತ್ತು ಮಧ್ಯಾಹ್ನ ಆಲೂರಿನ ಮೆಡಿಕಲ್ ಅಂಗಡಿಯಲ್ಲಿ ನಿಂತಿದ್ದೆ. ಮಂಡಿನೋವಿನ ಮಾತ್ರೆಗೆ ಬಂದ ಅಜ್ಜಿಯೊಬ್ಬರು ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡರು. "ನಿನ್ ಮಾತ್ರೆ ನುಂಗಿದ್ರೆ ಮಂಡಿ ಸುಮ್ನಾಗ್ತೈತೆ, ಹೊಟ್ಟೆ ಉರಿಯಕ್ಕೆ ಶುರುವಾಗ್ತೈತೆ ಕಣಪ್ಪ!"

"ಖಾಲಿ ಹೊಟ್ಟೇಲಿ ನುಂಗ್ಬಾರ್ದು ಅಂತಾನೇ ಪ್ರತಿ ಸಲ ಊಟ ಆಯ್ತಾ ಅಂತ ಕೇಳ್ತೀನಲ್ಲಜ್ಜಿ. ಆಯ್ತು ಅಂತೀರಿ, ಇಲ್ಲೇ ನೀರು ಇಸ್ಕೊಂಡು ನುಂಗ್ತೀರಿ."

"ಊಟ ಆಯ್ತಾ ಅಂದ್ರೆ ಆಯ್ತು ಅನ್ನದೆ, ಇಲ್ಲ ಬಡ್ಸು ಅನ್ನಕ್ಕಾಗ್ತೈತಾ?"

ನೋವಿನ ಮಾತ್ರೆ ಹೊಟ್ಟೆಯನ್ನು ಕೆಣಕುತ್ತದೆ ಎಂದು ಓದಿದ್ದೆ. ನಮ್ಮ ಕಡೆಯ ಮರ್ಯಾದೆಯೂ ಅದಕ್ಕೆ ಕೈಜೋಡಿಸುತ್ತದೆ ಎಂದು ಗೊತ್ತಿರಲಿಲ್ಲ.

ಅಂಗಡಿಯವನು ಪ್ರಶ್ನೆ ಬದಲಿಸಿದ: "ಇವತ್ತು ಮನೇಲಿ ಏನ್ ಸಾರು ಅಜ್ಜಿ?"

"ಒಲೆನೇ ಹಚ್ಚಿಲ್ಲ ಕಣಪ್ಪ. ಬೆಳಗ್ಗೇನೇ ಬಸ್ ಹತ್ಬುಟ್ಟೆ."

ಮಾತ್ರೆ ಕೊಡದೆ ಮೊದಲು ಪಕ್ಕದ ಹೋಟೆಲಿಗೆ ಕಳಿಸಿದ.

ನನ್ನ ಸರದಿ ಬಂತು. ಬೆನ್ನುನೋವಿಗೆ ಮಾತ್ರೆ ಕೇಳಿದೆ. ಅವನ ಬಾಯಿಗೆ ಮತ್ತೆ ಹಳೇ ಪ್ರಶ್ನೆಯೇ ಬಂತು: "ಊಟ ಆಯ್ತಾ ಅಣ್ಣಾ?"

ಬೆಳಗ್ಗಿನಿಂದ ಬರೀ ಕಾಫಿ ಕುಡಿದಿದ್ದ ನಾನು ಆಗಲೇ "ಆಯ್ತು" ಎಂದುಬಿಟ್ಟಿದ್ದೆ.