ತಿರುಗಿಸಿದ ಕಾಲರ್

ಬಸ್ ಡಿಪೋದ ಯೂನಿಫಾರ್ಮ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿರುವವಳಿಗೆ ಕತ್ತರಿ ಅಕ್ಕ ಅಂತ ಹೆಸರು ಬಿದ್ದದ್ದು ಕೈಯಲ್ಲಿರುವ ಕತ್ತರಿಯಿಂದಲ್ಲ, ಬಾಯಿಂದ. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಯಾರ ಅಂಗಿ ಹರಿದರೂ ಅವಳ ಕಿಟಕಿಗೇ ಬರಬೇಕು. "ಏನಯ್ಯಾ, ತಿಂಗಳಿಗೆರಡು ಸಲ ಗುಂಡಿ ಹಾರಿಸ್ತೀಯಲ್ಲ, ಹೊಟ್ಟೆಗೆ ಏನು ಹಾಕ್ತಿದ್ದೀಯ?" ಅಂತ ಬೈದೇ ಹೊಲಿದುಕೊಡುತ್ತಾಳೆ. ಅವಳ ಅಜ್ಜ ಸಮುದ್ರದಾಚೆಯ ನಾಡಿನಿಂದ ಹಡಗು ಹತ್ತಿ ಇಲ್ಲಿಗೆ ಕೂಲಿಗೆ ಬಂದವನು. ಅವನ ಕಪ್ಪು ಬಣ್ಣ, ಗುಂಗುರು ಕೂದಲು ಮೂರು ತಲೆಮಾರಾದರೂ ಮನೆ ಬಿಟ್ಟಿಲ್ಲ. ಬಂದರಿನಲ್ಲಿ ಮೂಟೆ ಹೊತ್ತ ಆ ಮನೆಯಿಂದ ಕಂಪನಿ ಅಂಗಿ ತೊಟ್ಟವರಲ್ಲಿ ಅವಳು ಮೊದಲನೆಯವಳು, ಅವಳ ತಮ್ಮ ಎರಡನೆಯವನು.

ತಮ್ಮ ಎಂಟು ವರ್ಷ ಬಸ್ಸು ತೊಳೆದು, ಕೊನೆಗೂ ಡ್ರೈವರ್ ಪರೀಕ್ಷೆ ಪಾಸು ಮಾಡಿದ. ಅವನ ಅಂಗಿಗೆ ಹೆಸರಿನ ಪಟ್ಟಿ ಹಾಕುವಾಗ ಅಕ್ಕ ಮೂರು ಸಲ ಬಿಚ್ಚಿ ಹೊಲಿದಳು, ಒಂದು ಎಳೆಯೂ ಸೊಟ್ಟ ಇರಬಾರದು ಅಂತ.

ಅದಾಗಿ ಹದಿನೈದು ದಿನಕ್ಕೆ ಶೆಡ್ಡಿನ ಮೇಸ್ತ್ರಿಯ ವಿಡಿಯೋ ಎಲ್ಲರ ಫೋನಿಗೂ ಬಂತು. ಮಹಾಶಯ ಮನೆಯ ಸೋಫಾ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. "ಈ ಬಣ್ಣದವರ ಕೈಗೆ ಸ್ಟೇರಿಂಗ್ ಕೊಟ್ರೆ ಬಸ್ಸು ಕಾಡಿಗೇ ಹೋಗುತ್ತೆ. ತೊಳೆಯೋರು ತೊಳ್ಕೊಂಡೇ ಇರ್ಲಿ. ಅವರು ಕೂತ ಸೀಟಲ್ಲಿ ಮನುಷ್ಯರು ಕೂರೋಕಾಗುತ್ತಾ, ವಾಸನೆ!"

ತಮ್ಮ ಅದನ್ನು ನೋಡಿದ್ದು ಕ್ಯಾಂಟೀನಿನಲ್ಲಿ, ಪಕ್ಕದವನು ನಗುತ್ತಾ ತೋರಿಸಿದಾಗ. ತಟ್ಟೆ ಅಲ್ಲೇ ಬಿಟ್ಟು ಮನೆಗೆ ಬಂದ. "ಈ ಡ್ರೈವರ್ ಕೆಲಸ ಬೇಡಕ್ಕಾ ನನಗೆ. ಇನ್ನು ಬಸ್ಸಿನ ಕನ್ನಡಿಯಲ್ಲಿ ಹಿಂದೆ ನೋಡಿದ್ರೆ, ಯಾರು ಮೂಗು ಮುಚ್ಕೊಂಡಿದ್ದಾರೆ ಅಂತಲೇ ಕಣ್ಣು ಹುಡುಕುತ್ತೆ" ಅಂದ. ಮಾರನೆಯ ದಿನದಿಂದ ಬಂದರಿಗೆ ಮೂಟೆ ಹೊರಲು ಹೋದ. ಅಜ್ಜನ ಕೆಲಸಕ್ಕೇ ವಾಪಸ್!

ಅಕ್ಕ ಯಂತ್ರ ಬಿಟ್ಟು ಎದ್ದಳು. ಆ ಮೇಸ್ತ್ರಿಯನ್ನು ಗೇಟಿನಿಂದಾಚೆ ಹಾಕಿಸದಿದ್ದರೆ ತಾನು ತನ್ನಪ್ಪನ ಮಗಳೇ ಅಲ್ಲ ಅಂದುಕೊಂಡು ನೇರ ಮ್ಯಾನೇಜರ್ ಹತ್ತಿರ ಹೋದಳು. ಆತ ಕೈ ಚೆಲ್ಲಿದ. "ಮನೆಯಲ್ಲಿ ಕೂತು ಆಡಿದ್ದು ಅವನವನ ಮಾತಮ್ಮ. ಕಂಪನಿ ಅಂಗಿ ಹಾಕ್ಕೊಂಡು ಆಡಿದ್ರೆ ಮಾತ್ರ ನಾವು ಕೇಳಬಹುದು. ರೂಲ್ಸ್ ಇರೋದೇ ಹಾಗೆ."

ಮೇಸ್ತ್ರಿಗೂ ರೂಲ್ಸ್ ಗೊತ್ತಿತ್ತು. ಅದಕ್ಕೇ ವಿಡಿಯೋದಲ್ಲಿ ಜೇಬಿನ ಮೇಲಿನ ಕಂಪನಿ ಗುರುತು, ಹೆಸರಿನ ಪಟ್ಟಿ ಎರಡಕ್ಕೂ ಟೇಪು ಅಂಟಿಸಿಕೊಂಡಿದ್ದ. ಅಂಗಿ ಬದಲಾಯಿಸುವಷ್ಟು ಮೈ ಬಗ್ಗಲಿಲ್ಲ ಸೋಮಾರಿಗೆ! ಅಕ್ಕ ಹಲ್ಲು ಕಚ್ಚಿಕೊಂಡು ಆ ವಿಡಿಯೋ ನಲವತ್ತು ಸಲ ನೋಡಿರಬೇಕು. ಅವನು ಕತ್ತು ಎತ್ತಿ ನಗುವಲ್ಲಿ ನಿಲ್ಲಿಸಿದಳು. ಕಾಲರಿನ ಅಡಿಯಲ್ಲಿ ನೀಲಿ ನೂಲು!

ಕಂಪನಿ ಹೊಸ ಅಂಗಿ ಕೊಡುವುದು ಎರಡು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಕಾಲರ್ ಸವೆದರೆ ಅಕ್ಕ ಅದನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ತಿರುಗಿಸಿ ಹೊಲಿಯುತ್ತಾಳೆ. ಬೂದು ಅಂಗಿಗೆ ಬೂದು ನೂಲು. ಒಮ್ಮೆ ಮಾತ್ರ ನೂಲು ಮುಗಿದಿತ್ತು. ನಾಳೆ ಬನ್ನಿ ಅಂದರೆ ಮೇಸ್ತ್ರಿ ಕೇಳಲಿಲ್ಲ, "ಇವತ್ತೇ ಬೇಕು" ಅಂತ ಕಿಟಕಿ ಗುದ್ದಿದ. ಅವನ ಕಾಲರನ್ನು ನೀಲಿಯಲ್ಲೇ ಹೊಲಿದು ಬಿಸಾಕಿದ್ದಳು.

ಅಕ್ಕ ದೂರು ಬರೆದುಕೊಟ್ಟ ಮೇಲೆ ನಡೆದ ವಿಚಾರಣೆಯಲ್ಲಿ ಅವನು ಎದೆ ಉಬ್ಬಿಸಿ ಕೂತ. "ನನ್ನ ಮನೆ, ನನ್ನ ಬಾಯಿ. ಅನ್ನಿಸಿದ್ದು ಹೇಳೋ ಸ್ವಾತಂತ್ರ್ಯ ಇಲ್ವಾ ಸಾರ್? ಆ ಅಂಗಿ ಮಾರ್ಕೆಟ್ಟಿಂದು." ಅಕ್ಕ ಮೊದಲು ಫೋನನ್ನು ಮ್ಯಾನೇಜರ್ ಮುಂದೆ ಹಿಡಿದಳು. ಆಮೇಲೆ ಎದ್ದು ಹೋಗಿ ಮೇಸ್ತ್ರಿ ವಿಚಾರಣೆಗೆ ತೊಟ್ಟು ಬಂದಿದ್ದ ಅಂಗಿಯ ಕಾಲರನ್ನೇ ಎತ್ತಿದಳು. ಅದೇ ಅಂಗಿ, ಅದೇ ನೀಲಿ. ಮೇಸ್ತ್ರಿಯ ಮುಖ ಬಿಳುಚಿಕೊಂಡಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಬೇಕು.

ಅವನನ್ನು ಕೆಲಸದಿಂದ ತೆಗೆದರು. ಕೆಲಸ ಹೋದವರು ಅಂಗಿಗಳನ್ನು ಯೂನಿಫಾರ್ಮ್ ಕೋಣೆಗೆ ಒಪ್ಪಿಸಿ, ಅಕ್ಕನ ಸಹಿ ಇರುವ ಚೀಟಿ ತೋರಿಸಿದರೆ ಮಾತ್ರ ಗೇಟು ದಾಟಬಹುದು. ಕಿಟಕಿಯಲ್ಲಿ ಮೇಸ್ತ್ರಿಯ ಸರದಿ ಬಂದಾಗ ಅವನ ಹಿಂದೆ ಆರು ಜನರ ಸಾಲಿತ್ತು. ಮೂರು ಅಂಗಿ ಇಟ್ಟ. ಅಕ್ಕ ಒಂದೊಂದರ ಹೆಸರಿನ ಪಟ್ಟಿಯನ್ನೂ ಬ್ಲೇಡಿನಲ್ಲಿ ಸರಸರ ಕಿತ್ತಳು.

"ನಾಲ್ಕನೆಯದು ಮೈಮೇಲಿದೆ."

"ನಾಳೆ ತಂದುಕೊಡ್ತೀನಿ ಅಕ್ಕಾ."

"ಇವತ್ತೇ ಬೇಕು."

ಬಿಚ್ಚಿಕೊಟ್ಟ. ತೂತು ಬಿದ್ದ ಬನಿಯನ್ನಿನಲ್ಲಿ ನಿಂತ. ಅವಳು ಆ ಪಟ್ಟಿಯನ್ನೂ ಕಿತ್ತು, ಗೇಟಿನ ಚೀಟಿ ಮುಂದಿಟ್ಟುಕೊಂಡು ಪೆನ್ನು ಕೈಗೆತ್ತಿಕೊಂಡಳು.

"ಈಗ ಹೇಳು. ಈಗ ನೀನು ಯಾರ ಆಳೂ ಅಲ್ಲ, ಮೈಮೇಲೆ ಯಾರ ಅಂಗಿಯೂ ಇಲ್ಲ. ಬಾಯಿ ಪೂರ್ತಿ ನಿಂದೇ. ಸೋಫಾ ಮೇಲೆ ಹೇಳಿದ್ದನ್ನ ನನ್ನ ಮುಖ ನೋಡಿ ಹೇಳು. ಸಹಿ ಹಾಕ್ತೀನಿ."

"ಅದು ನಿಮ್ಮ ಬಗ್ಗೆ ಅಲ್ಲಕ್ಕಾ..."

"ನನ್ನ ತಮ್ಮನ ಬಗ್ಗೆ. ಹೇಳು."

ಅವನು ಸಾಲಿನ ಕಡೆ ನೋಡಿದ. ಅಲ್ಲಿ ಯಾರೂ ನಗಲಿಲ್ಲ. ಅಕ್ಕ ಅವನನ್ನು ಪಕ್ಕಕ್ಕೆ ಸರಿ ಅಂದು ಮುಂದಿನವನ ಗುಂಡಿ ಹೊಲಿದಳು. ಅದರ ಮುಂದಿನವನದೂ ಹೊಲಿದಳು. ಅವಸರವೇ ಇರಲಿಲ್ಲ ಅವಳಿಗೆ. ಐದು ಅಂಗಿ ಮುಗಿಯುವ ತನಕ ಅವನು ತೋಳು ಉಜ್ಜಿಕೊಳ್ಳುತ್ತಾ ನಿಂತೇ ಇದ್ದ. ಕೊನೆಗೆ ನೆಲ ನೋಡಿಕೊಂಡು, "ತಪ್ಪಾಯ್ತು" ಅಂದ.

"ಅದನ್ನ ಯಾರು ಕೇಳಿದ್ರು?" ಅಂದು ಅಕ್ಕ ಚೀಟಿಗೆ ಸಹಿ ಹಾಕದೆ ಆರನೆಯವನ ಅಂಗಿಗೆ ಕೈ ಚಾಚಿದಳು.