ಅಕ್ಕನಿಗೆ ಎಷ್ಟು ಆಯುಷ್ಯ ಹಾಕಲಿ?

ಕಳೆದ ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ನಾನು ನನ್ನ ಅಕ್ಕನನ್ನು ಎಪ್ಪತ್ತೆಂಟನೇ ವಯಸ್ಸಿಗೆ ಸಾಯಿಸಿದೆ. ಅವಳಿಗೀಗ ಎಪ್ಪತ್ತು.

ಗಾಬರಿಯಾಗಬೇಡಿ. ಮೊಬೈಲ್‌ನಲ್ಲಿ.

ನನಗೆ ಐವತ್ತೇಳು. ಪ್ರೈವೇಟ್ ಶಾಲೆಯ ಮೇಷ್ಟ್ರು. ಮುಂದಿನ ವರ್ಷ ರಿಟೈರ್. ನಮಗೆ ಪೆನ್ಷನ್ ಇಲ್ಲ, ಹಾರ ಮತ್ತು ಶಾಲು ಮಾತ್ರ ಇದೆ. ಒಬ್ಬಳೇ ಮಗಳು ಬೈಂದೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅವಳ ಮುಂದೆ ಕೈಚಾಚಬಾರದು ಎನ್ನುವುದು ನನ್ನ ಹಠ. ಈ ಚಿಂತೆಯನ್ನು ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು. ಕೋಟದಿಂದ ಬರುವ ನಮ್ಮ ಗಣಿತದ ಮೇಷ್ಟ್ರು ತಕ್ಷಣ ಒಂದು ಲಿಂಕ್ ಕಳಿಸಿದರು.

“ಹ್ವಾಯ್ ಮಾಷ್ಟ್ರೆ, ಇದ್ರಗೊಂದ್ ಸಲ ಹಾಕಿ ಕಾಣಿ. ನಿಮ್ಮ್ ಮುಂದಿನ್ ಕಥಿ ಪೂರಾ ಹೇಳತ್ತ್” ಅಂದರು.

ಅದರ ಹೆಸರು ರಿಟೈರ್‌ಮೆಂಟ್ ಸಿಮ್ಯುಲೇಟರ್. ನಿಮ್ಮ ಉಳಿತಾಯ, ಖರ್ಚು, ಮನೆಯಲ್ಲಿರುವವರ ವಯಸ್ಸು ಎಲ್ಲ ತುಂಬಿದರೆ ನಿಮ್ಮ ಮುಂದಿನ ಬದುಕನ್ನು ಸಾವಿರ ಸಲ ಆಡಿಸಿ ನೋಡುತ್ತದಂತೆ. ಒಮ್ಮೆ ಮಾರ್ಕೆಟ್ ಬೀಳುತ್ತದೆ, ಒಮ್ಮೆ ಬೆಲೆ ಏರುತ್ತದೆ, ಒಮ್ಮೆ ಆಸ್ಪತ್ರೆಯ ಬಿಲ್ ಬರುತ್ತದೆ. ಸಾವಿರದಲ್ಲಿ ಎಷ್ಟು ಸಲ ನಿಮ್ಮ ದುಡ್ಡು ನಿಮಗಿಂತ ಮೊದಲು ಸಾಯುವುದಿಲ್ಲವೋ ಅದನ್ನು ಪರ್ಸೆಂಟ್‌ನಲ್ಲಿ ತೋರಿಸುತ್ತದೆ. ಎಂಬತ್ತು ದಾಟಿದರೆ ಹಸಿರು. ಇಲ್ಲದಿದ್ದರೆ ಕೆಂಪು.

ಹೆಂಡತಿ ಬ್ರಹ್ಮಾವರದ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ಅಕ್ಕ. ಜಗಲಿಯಲ್ಲಿ ಕೂತು ತುಂಬತೊಡಗಿದೆ. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಗೆರೆ, ಗೆರೆಯ ಮೇಲೊಂದು ಚುಕ್ಕಿ. ಎಷ್ಟು ವರ್ಷ ಬದುಕುತ್ತೀರಿ ಅಂತ ಅಂದಾಜೋ ಅಲ್ಲಿಗೆ ಚುಕ್ಕಿಯನ್ನು ಎಳೆಯಬೇಕು. ನನಗೆ ಎಂಬತ್ತೈದು. ಹೆಂಡತಿಗೆ ಎಂಬತ್ತೆಂಟು (ನನಗಿಂತ ಗಟ್ಟಿ). ಅಕ್ಕನ ಹೆಸರನ್ನು ‘ಅವಲಂಬಿತರು’ ಎಂಬ ಖಾನೆಯಲ್ಲಿ ಹಾಕಿ ತೊಂಬತ್ತು ಕೊಟ್ಟೆ. ಅಮ್ಮ ತೊಂಬತ್ತೆರಡು ಬದುಕಿದ್ದಳಲ್ಲ.

ಅವಲಂಬಿತರು. ಆ ಶಬ್ದವನ್ನು ಸ್ವಲ್ಪ ನೋಡಿ. ಅಪ್ಪ ತೀರಿಕೊಂಡಾಗ ನಾನು ನಾಲ್ಕನೇ ಕ್ಲಾಸು, ಅಕ್ಕನಿಗೆ ಇಪ್ಪತ್ತೆರಡು. ಮರುತಿಂಗಳೇ ಅವಳು ಕೋಟೇಶ್ವರದ ಹತ್ತಿರ ಗೇರುಬೀಜದ ಫ್ಯಾಕ್ಟರಿಗೆ ಸೇರಿದಳು. ಮೂವತ್ತು ವರ್ಷ ಬೀಜ ಒಡೆದಳು. ಬಂದ ಎರಡು ಸಂಬಂಧಗಳನ್ನೂ ತಮ್ಮನ ಓದು ಮುಗಿಯಲಿ ಅಂತ ವಾಪಸು ಕಳಿಸಿದಳು. ಮೂರನೆಯದು ಬರಲೇ ಇಲ್ಲ. ನನ್ನ ಬಿ.ಎಡ್. ಫೀಸು ಕಟ್ಟಿದವಳು ಅವಲಂಬಿತೆ. ಕಟ್ಟಿಸಿಕೊಂಡವನು ಯಜಮಾನ.

ಬಟನ್ ಒತ್ತಿದೆ. ನಲವತ್ತೊಂದು ಪರ್ಸೆಂಟ್. ಕೆಂಪು.

ಖರ್ಚಿನ ಪಟ್ಟಿಗೆ ಕೈಹಾಕಿದೆ. ಕಾಶಿ ಟೂರ್ ಕ್ಯಾನ್ಸಲ್ ಮಾಡಿದೆ, ಮೂರು ಪರ್ಸೆಂಟ್ ಏರಿತು. ಬೈಕ್ ಹಳೆಯದೇ ಸಾಕು ಅಂದೆ, ಇನ್ನೆರಡು. ಮನೆಗೆ ಬಣ್ಣ ಬೇಡ, ಪೇಪರ್ ಬೇಡ, ಭಾನುವಾರದ ಅಂಜಲ್ ಮೀನು ಬೇಡ. ಐವತ್ತು ದಾಟಲಿಲ್ಲ. ಆಗ ನನ್ನ ಬೆರಳು ಅಕ್ಕನ ಚುಕ್ಕಿಯ ಮೇಲೆ ಹೋಯಿತು. ಸುಮ್ಮನೆ ನೋಡೋಣ ಅಂತ. ಎಂಬತ್ತೈದಕ್ಕೆ ಎಳೆದೆ, ಅರವತ್ತಕ್ಕೇರಿತು. ಎಂಬತ್ತೊಂದಕ್ಕೆ ಎಳೆದೆ, ಎಪ್ಪತ್ತೆರಡು. ಎಪ್ಪತ್ತೆಂಟಕ್ಕೆ ನಿಲ್ಲಿಸಿದಾಗ ಇಡೀ ಸ್ಕ್ರೀನ್ ಹಸಿರಾಯಿತು.

ಸುಳ್ಳು ಯಾಕೆ ಹೇಳಲಿ? ಖುಷಿಯಾಯಿತು. ತಣ್ಣಗಾಗಿದ್ದ ಚಹಾ ಕೂಡ ರುಚಿಯಾಯಿತು.

ನನ್ನದೇ ಚುಕ್ಕಿಯನ್ನು ಎಪ್ಪತ್ತೆಂಟಕ್ಕೆ ಎಳೆದಿದ್ದರೂ ಹಸಿರಾಗುತ್ತಿತ್ತೇನೋ. ಅದನ್ನು ಮಾತ್ರ ಯಾಕೆ ಎಳೆದು ನೋಡಲಿಲ್ಲ? ಈ ಪ್ರಶ್ನೆ ನನಗೆ ಹೊಳೆದದ್ದು ಎರಡು ದಿನ ಬಿಟ್ಟು. ಅಷ್ಟು ಪ್ರೀತಿ ನನಗೆ ನನ್ನ ಮೇಲೆ.

ಅಕ್ಕ ಪಕ್ಕದಲ್ಲೇ ಕೂತು ಬಸಳೆ ಬಿಡಿಸುತ್ತಿದ್ದಳು. ಕತ್ತು ಚಾಚಿ ನೋಡಿದಳು.

“ಎಂತ ಮಾಡ್ತಿದ್ಯಾ ಅಷ್ಟೊತ್ತಿಂದ? ನನ್ನ್ ಹೆಸ್ರ್ ಎಂತಕೆ ಇತ್ ಅದ್ರಗೆ?”

“ರಿಟೈರ್ ಆದ್ಮೇಲೆ ದುಡ್ಡ್ ಎಷ್ಟ್ ವರ್ಷಕ್ಕೆ ಬತ್ತ್ ಅಂತ ಲೆಕ್ಕ ಅಕ್ಕ. ನಿನ್ನ್ ಖರ್ಚೂ ಹಾಕ್ಕಲ್ದಾ?”

“ಎಪ್ಪತ್ತೆಂಟ್ ಅಂದ್ರೆ?”

“ವಯಸ್ಸ್.”

“ನಂಗೆ ಈಗ ಎಪ್ಪತ್ತ್ ಅಲ್ದಾ?”

ನಾಲ್ಕನೇ ಕ್ಲಾಸು ಓದಿದ ಅಕ್ಕ ಗೆರೆ ನೋಡಿದಳು, ಚುಕ್ಕಿ ನೋಡಿದಳು, ಹಸಿರು ನೋಡಿದಳು. ಅವಳಿಗೆ ಗೊತ್ತಾಯಿತು. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ನಾಲ್ಕು ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಎದ್ದು ಹೋಗಬಹುದಿತ್ತು.

“ಅಷ್ಟೆಲ್ಲ ಎಂತಕೆ? ಎಪ್ಪತ್ತೈದ್ ಮಾಡ್. ನಿಂಗೂ ಹೆಂಡ್ತಿಗೂ ಸಲೀಸ್ ಆತ್ತ್” ಅಂದಳು.

ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು ತಾನೇ ಎಳೆಯಲು ಹೋದಳು. ಚುಕ್ಕಿ ಅಲ್ಲಾಡಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಅವಳ ಬೆರಳ ತುದಿಯ ಚರ್ಮವನ್ನು ಎಂದೋ ಸುಟ್ಟು ದಡ್ಡು ಮಾಡಿಬಿಟ್ಟಿದೆ. ಅದು ಬೆರಳು ಅಂತ ಸ್ಕ್ರೀನಿಗೆ ತಿಳಿಯಲೇ ಇಲ್ಲ.

“ನಂಗ್ ಆತಿಲ್ಲೆ. ನೀನೇ ಎಳಿ.”

ಇಲ್ಲಿ ನಾನು ಮೊಬೈಲ್ ಬಿಸಾಡಿ ಅಕ್ಕನ ಕಾಲು ಹಿಡಿದೆ ಅಂತ ಬರೆದರೆ ನಿಮಗೆ ಸಮಾಧಾನ. ನನಗೂ. ಆದರೆ ನಾನು ಎಳೆದೆ. ಎಷ್ಟು ಬರುತ್ತದೆ ಅಂತ ನೋಡದೆ ಇರಲಾಗಲಿಲ್ಲ. ತೊಂಬತ್ತಮೂರು ಬಂತು.

ಅಕ್ಕ “ಹಾಂ, ಈಗ ಸಮ ಆಯ್ತ್” ಅಂದಳು. ಬಸಳೆ ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನ ನನಗೆ ಎರಡು ಸೌಟು ಜಾಸ್ತಿಯೇ ಬಡಿಸಿದಳು. ನಾನು ಉಂಡೆ.

ಗಣಿತದ ಮೇಷ್ಟ್ರು ಸೋಮವಾರ ಕೇಳಿದರು, “ಹ್ಯಾಂಗಿತ್ ಮಾಷ್ಟ್ರೆ ರಿಸಲ್ಟ್?”

“ಹಸಿರು” ಅಂದೆ. ಅವರು ಕೈ ಕುಲುಕಿದರು.

ಅಕ್ಕ ಗಟ್ಟಿಯಾಗಿದ್ದಾಳೆ. ಶುಗರ್ ಕಂಟ್ರೋಲ್‌ನಲ್ಲಿದೆ. ಎಪ್ಪತ್ತೈದೇನು, ಅಮ್ಮನಷ್ಟೇ ಬಾಳಿಯಾಳು.

ಅವಳಿಗೆ ಎಪ್ಪತ್ತಾರು ತುಂಬಿದ ದಿನ ನಾನು ಸಂತೋಷಪಡುತ್ತೇನೆಯೇ?