ಹೇಮಿಶ್ ಎಂಬ ನನ್ನ ಮೊಮ್ಮಗ

ಬೆಳಗ್ಗೆಯಿಂದ ಹೆಸರು ಬರೆಯುತ್ತಾ ಕೂತಿದ್ದೇನೆ. ಮೊಮ್ಮಗ ಮುಂದಿನ ವಾರ ದಾಗಿಸ್‌ಗೆ, ಅಂದರೆ ಇಲ್ಲಿ ಸ್ವೀಡನ್ನಿನ ಶಿಶುವಿಹಾರಕ್ಕೆ, ಸೇರುತ್ತಾನೆ. ಅವನ ಒಂದೊಂದು ಬಟ್ಟೆಗೂ ಹೆಸರಿನ ಚೀಟಿ ಅಂಟಿಸಿರಬೇಕಂತೆ. ಮಳೆಯ ಪ್ಯಾಂಟು, ಉಣ್ಣೆ ಟೋಪಿ, ಬೂಟು, ಬದಲಿ ಬೂಟು, ಕಾಲುಚೀಲ ಆರು ಜೊತೆ, ಗ್ಲೌಸು ನಾಲ್ಕು ಜೊತೆ. ನನ್ನ ಮದುವೆಗೂ ಇಷ್ಟು ಬಟ್ಟೆ ತಂದಿರಲಿಲ್ಲ. 'ಅಮ್ಮಾ, ನಿನ್ನ ಹ್ಯಾಂಡ್‌ರೈಟಿಂಗ್ ಸೂಪರ್' ಎಂದು ಹೊಗಳಿ ಮಗಳು ಕೆಲಸವನ್ನು ನನ್ನ ತಲೆಗೆ ಕಟ್ಟಿ ಸ್ನಾನಕ್ಕೆ ಹೋಗಿದ್ದಾಳೆ. ನಾನು ಹೇಮಿಶ್, ಹೇಮಿಶ್ ಎಂದು ಬರೆಯುತ್ತಲೇ ಇದ್ದೇನೆ. ಇದೇ ಹೆಸರಿಗಾಗಿ ನಾನು ಸುಮಾರು ಮೂರು ತಿಂಗಳು ಜಗಳ ಆಡಿದ್ದೇನೆ ನೋಡಿ. ಇಡಬೇಕು ಎಂದಲ್ಲ, ಇಡಬಾರದು ಎಂದು.

ಅಳಿಯ ಕ್ಯಾಲಮ್ ಸ್ಕಾಟ್ಲೆಂಡಿನವನು, ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ನನ್ನ ಉಪ್ಪಿಟ್ಟನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವ ಹುಡುಗ. ಅಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಮಗು ಹುಟ್ಟಿದ ವಾರವೇ ಅವನು ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ. ಎಲ್ಲವೂ ಹಳೇ ಕಾಲದ ಸ್ಕಾಟ್ಲೆಂಡಿನ ಹೆಸರುಗಳು: ಆಂಗಸ್, ಫರ್ಗಸ್, ಡೂಗಲ್, ಟಾರ್ಕ್ವಿಲ್, ಹೇಮಿಶ್. ಆಂಗಸ್ ಎನ್ನುವುದನ್ನು ನಾನು ಇಲ್ಲಿಯ ಅಂಗಡಿಯ ಮಾಂಸದ ಕಪಾಟಿನ ಮೇಲೆ ಓದಿದ್ದೆ. ಅದು ಒಂದು ದನದ ತಳಿಯಂತೆ. ಬೆಳಗಾದರೆ ದೇವರಿಗೆ ದೀಪ ಹಚ್ಚುವ ನಾನು ಮೊಮ್ಮಗನನ್ನು ಹಾಗೆ ಕರೆಯಬೇಕೇ ಎಂದು ಕೇಳಿ, ಪೆನ್ನು ತಂದು ಹೊಡೆದುಹಾಕಿದೆ. ಟಾರ್ಕ್ವಿಲ್ ಎಂದು ನಾಲ್ಕು ಸಲ ಹೇಳಿ ನೋಡಿದೆ, ನಾಲಿಗೆ ಒಪ್ಪಲಿಲ್ಲ. ಹೀಗೆ ಒಂದೊಂದೇ ಹೊಡೆದುಹಾಕಿದರೂ ಹೇಮಿಶ್ ಮಾತ್ರ ಜಗ್ಗಲಿಲ್ಲ, ಏಕೆಂದರೆ ಅದು ಕ್ಯಾಲಮ್‌ನ ಅಪ್ಪನ ಹೆಸರು. ಅವರಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ಅಮ್ಮನ ಅಪ್ಪನ ಹೆಸರು.

"ಹಾಗಾದ್ರೆ ಎರಡನೇದಕ್ಕೆ ನಮ್ಮ ಹೆಸರು" ಎಂದೆ.

"ಎರಡನೇದು ಇಲ್ಲಮ್ಮ. ಒಂದೇ ಸಾಕು, ವಿ ಆರ್ ಡನ್" ಎಂದಳು ಮಗಳು.

ಅಲ್ಲಿಗೆ ಮುಗಿಯಿತು. ನನಗೆ ಬೇಕಾಗಿದ್ದದ್ದು ಒಂದೇ ಹೆಸರು, ನನ್ನ ಯಜಮಾನರದು. ಮಗಳ ಮದುವೆಯನ್ನೂ ನೋಡದೆ ಹೋದವರು ಅವರು. ಈ ದೇಶದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಪ್ರತಿ ಚಳಿಗಾಲ ರೈಲಿನಲ್ಲಿ ಒಂದು ಗ್ಲೌಸು ಬಿಟ್ಟುಬಂದದ್ದು ಬಿಟ್ಟರೆ ಯಾರಿಗೂ ತೊಂದರೆ ಕೊಟ್ಟವರಲ್ಲ. ಸುಂಡ್‌ಬೀಬರ್ಯ್‌ನ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಇವತ್ತಿಗೂ ಒಂಟಿ ಗ್ಲೌಸುಗಳ ರಾಶಿ ಇದೆ. ಅವರ ಹೆಸರು ಮನೆಯಲ್ಲಿ ಮತ್ತೆ ಕೇಳಿಸಲಿ ಎಂದು ನನಗೆ ಆಸೆ ಇತ್ತು. ಅದರಲ್ಲಿ ತಪ್ಪೇನಿದೆ ಹೇಳಿ.

ಬಲ ಸಾಲದೆ ಮೈಸೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ, ನಕ್ಷತ್ರವಾದರೂ ನನ್ನ ಪರ ಇರಬಹುದು ಎಂದು. ಅವನು ಪಂಚಾಂಗ ನೋಡಿ, "ಪುಷ್ಯ, ಅಕ್ಕ. ಹು, ಹೇ, ಹೋ, ಡ. ಹೇಮಂತ ಅಂತ ಇಡಬಹುದು" ಎಂದ. ಸ್ಪೀಕರಿನಲ್ಲಿ ಕೇಳಿಸಿಕೊಂಡ ಮಗಳು ಅದನ್ನು ಕ್ಯಾಲಮ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಉಪ್ಪಿಟ್ಟು ತಿನ್ನುತ್ತಲೇ ಚಮಚದಲ್ಲಿ ಫ್ರಿಜ್ಜಿನ ಕಡೆ ತೋರಿಸಿ, ಬಹಳ ವಿನಯದಿಂದ, "ಹೇಮಿಶ್" ಎಂದ. ನಕ್ಷತ್ರವೂ ಬೀಗರ ಕಡೆ ಸೇರಿಕೊಂಡಿತ್ತು.

ಈ ತಮ್ಮನ ವಿಷಯ ಹೇಳಬೇಕು. ಅವನಿಗೆ ಇಟ್ಟದ್ದು ನಮ್ಮ ತಾತನ ಹೆಸರು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲವಾದ್ದರಿಂದ ನಮ್ಮಮ್ಮ ಹೆತ್ತ ಮಗನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಪಾಪು ಎಂದಳು. ಮೀಸೆ ಬಂದ ಮೇಲೂ ಪಾಪು, ಬ್ಯಾಂಕಿನಲ್ಲಿ ಮ್ಯಾನೇಜರ್ ಆದ ಮೇಲೂ ಪಾಪು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಹೆಸರು ಕೇಳಿದರೆ ಅವನ ಬೆನ್ನು ತಿವಿದು, "ನೀನೇ ಹೇಳೋ" ಎಂದಳು. ನಾನು ಪಕ್ಕದಲ್ಲೇ ನಿಂತು ನಕ್ಕಿದ್ದೆ.

ನಕ್ಕವಳು ಮುಂದೆ ಮಾಡಿದ್ದೇನು? ಸ್ವೀಡನ್ನಿನಲ್ಲಿ ಡಾಕ್ಟರನ್ನೂ ಬಾಸನ್ನೂ ಹೆಸರು ಹಿಡಿದೇ ಕರೆಯಬೇಕು. ನಾನೂ ಧೈರ್ಯವಾಗಿ ಎಲ್ಲರನ್ನೂ ಹಾಗೇ ಕರೆದೆ. ಗಂಡನಿಗೆ ಮಾತ್ರ 'ರೀ'. ಕೊಮ್ಮೂನ್, ಅಂದರೆ ನಗರಸಭೆಯ, ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೆ ಅವರ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಜರುಗಿಸುತ್ತಿದ್ದೆ. ಮಗಳು ಮಾತು ಕಲಿತ ಮೇಲೆ ಅವಳೇ ಹೇಳುತ್ತಿದ್ದಳು.

ಇಲ್ಲಿ ಮಗುವಿನ ಹೆಸರನ್ನು ಮೂರು ತಿಂಗಳೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು. ಇನ್ನು ನಾಲ್ಕೇ ದಿನ ಉಳಿದಿದ್ದಾಗ ನಾನು ಕೊನೆಯ ಸಲ ರೇಗಿದೆ. ನಿಮ್ಮಪ್ಪನ ಮೇಲೆ ನಿನಗೆ ಅಷ್ಟೂ ಪ್ರೀತಿ ಇಲ್ಲವೇ ಎಂದುಬಿಟ್ಟೆ. ಅನ್ನಬಾರದಿತ್ತು. ಮಗಳು ಮಗುವನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದಳು.

"ಸರಿ, ಅಪ್ಪನ ಹೆಸರೇ ಇಡ್ತೀನಿ. ಒಂದ್ಸಲ ಕರಿ ಇವನನ್ನ, ಪ್ಲೀಸ್."

ನಾನು ಬಾಯಿ ತೆರೆದೆ. ಮಗು ನನ್ನನ್ನೇ ನೋಡುತ್ತಿತ್ತು. ಬಂದದ್ದು "ಪಾಪು" ಎಂದು.

ಮಗಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಾಯಿಗೆ ಬಾರದ ಹೆಸರಿಗಾಗಿ ಅಷ್ಟು ದಿನ ಮನೆಯವರ ಪ್ರಾಣ ಹಿಂಡಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಮರುದಿನ ಭಾನುವಾರ, ಬೀಗರ ವಿಡಿಯೋ ಕಾಲ್. ದೊಡ್ಡ ಹೇಮಿಶ್ ಹಡಗಿನ ಕೆಲಸದಿಂದ ನಿವೃತ್ತರಾದವರು, ಮಾತು ಕಡಿಮೆ. ಅಂದು ನನ್ನನ್ನೇ ಕೇಳಿದರು, "ಇಷ್ಟು ದಿನದಿಂದ ನಿಮ್ಮ ಬಾಯಲ್ಲಿ 'ಮೈ ಹಸ್ಬೆಂಡ್' ಅಂತಲೇ ಕೇಳಿದ್ದೇನೆ. ಅವರ ಹೆಸರೇನು?"

ಅಭ್ಯಾಸದಂತೆ ಮಗಳ ಕಡೆ ತಿರುಗಿದೆ. ಅವಳು ಮಗುವಿನ ಕಾಲುಚೀಲ ಸರಿಮಾಡುತ್ತಿದ್ದಳು. ಕ್ಯಾಲಮ್‌ಗೂ ಆಗಲೇ ಕೆಟಲ್‌ಗೆ ನೀರು ತುಂಬಬೇಕಿತ್ತು. ಯಾರೂ ಸಹಾಯಕ್ಕೆ ಬರಲಿಲ್ಲ.

"ಶ್ರೀನಿವಾಸ" ಎಂದೆ.

ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹೇಳದ ಹೆಸರು. ಮನೆಯ ಸೂರೇನೂ ಬೀಳಲಿಲ್ಲ. ಬೀಗರು ಅದನ್ನು ಎರಡು ಸಲ ನಿಧಾನವಾಗಿ ಹೇಳಿ ಕಲಿತು, "ಒಳ್ಳೆಯ ಹೆಸರು. ನನ್ನದರ ಜೊತೆ ಅದನ್ನೂ ಬರೆಸಿ" ಎಂದರು. ಅಂದೇ ಮಗಳು ಎರಡೂ ಹೆಸರು ಸೇರಿಸಿ ಅರ್ಜಿ ಕಳಿಸಿದಳು.

ಅಷ್ಟೆಲ್ಲ ಆದ ಮೇಲೆ ಈಗ ನೋಡಿದರೆ ಈ ಚೀಟಿಯಲ್ಲಿ ಒಂದೇ ಹೆಸರಿಗೆ ಜಾಗ. ಗೊಣಗುತ್ತಾ ಕಾಲುಚೀಲಗಳನ್ನು ಮುಗಿಸುವಷ್ಟರಲ್ಲಿ ಮೊಮ್ಮಗ ತಟ್ಟಾಡುತ್ತಾ ಬಂದ. ಒಂದು ಕೈಗೆ ಹೊಸ ಗ್ಲೌಸು, ಇನ್ನೊಂದು ಕೈ ಖಾಲಿ. ಐದು ನಿಮಿಷದ ಹಿಂದೆ ಎರಡಕ್ಕೂ ನಾನೇ ಹಾಕಿದ್ದೆ.

"ಲೋ ಶ್ರೀನಿವಾಸ, ಇನ್ನೊಂದು ಗ್ಲೌಸ್ ಎಲ್ಲೋ?" ಎಂದು ಗದರಿದೆ.

ಅವನು ಖಾಲಿ ಕೈಯನ್ನು ತಿರುಗಿಸಿ ನೋಡಿಕೊಂಡು ನಕ್ಕ. ನಾನು ಪೆನ್ನು ತೆಗೆದುಕೊಂಡು ಉಳಿದ ಚೀಟಿಗಳ ಮೇಲೆಲ್ಲ ಶ್ರೀನಿವಾಸ ಎಂದು ಬರೆದು ಗ್ಲೌಸುಗಳಿಗೆ ಅಂಟಿಸಿದೆ. ಕಳೆದುಹೋಗುವುದು ಅವೇ ತಾನೇ, ಸಿಕ್ಕವರು ಹೆಸರು ಓದಿ ತಂದುಕೊಡಲಿ.